ಗುಳೆ ನಾಟಕದಲ್ಲಿ ಮನೆಯೊಡತಿಯ ಪಾತ್ರ

ನಮ್ಮ ಕೌಲ್ ಬಜಾರಿನಲ್ಲಿ ಡಿಸೆಂಬರ್ ಬಂತೆಂದರೆ ಶಾಲೆ ಶಾಲೆಗೂ ಶಾಮಿಯಾನ. ವಾರ್ಷಿಕೋತ್ಸವ ಎಂದ ಮೇಲೆ ಛದ್ಮವೇಷ ಸ್ಪರ್ಧೆ ಇರಲೇಬೇಕು. ಇಪ್ಪತ್ತೆಂಟು ವರ್ಷದ ನನ್ನ ನೌಕರಿಯಲ್ಲಿ ಎಷ್ಟು ಒನಕೆ ಓಬವ್ವರು, ಎಷ್ಟು ಕಿತ್ತೂರು ಚೆನ್ನಮ್ಮರು ನನ್ನ ಮುಂದೆ ಬಂದು, ಹೇಳಿಕೊಟ್ಟ ಮಾತು ಮರೆತು, ಅತ್ತು ಹೋಗಿದ್ದಾರೋ ಲೆಕ್ಕವಿಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ತನ್ನ ಮಗಳನ್ನು ‘ನಿರಾಶ್ರಿತೆ’ಯನ್ನಾಗಿ ಸಿಂಗರಿಸಿ ಕರೆತಂದಿದ್ದರು. ಹರಿದ ಫ್ರಾಕು (ತಾನಾಗಿ ಹರಿದದ್ದಲ್ಲ, ಕತ್ತರಿಯಿಂದ ಅಚ್ಚುಕಟ್ಟಾಗಿ ಹರಿಸಿದ್ದು), ಕೆನ್ನೆಗೆ ಬಳಿದ ಕಾಡಿಗೆ, ಹೆಗಲ ಮೇಲೊಂದು ಗಂಟು, ಕೈಯಲ್ಲಿ ಅಲ್ಯುಮಿನಿಯಂ ತಟ್ಟೆ. ಮಗು ಮೈಕಿನ ಮುಂದೆ ನಿಂತು, ನನಗೆ ಊರಿಲ್ಲ, ಮನೆಯಿಲ್ಲ, ಅನ್ನ ಕೊಡಿ ಎಂದಿತು. ಸಭೆ ಅಯ್ಯೋ ಅಂದಿತು. ತೀರ್ಪುಗಾರರಲ್ಲಿ ನಾನೂ ಒಬ್ಬಳು. ಹತ್ತಕ್ಕೆ ಒಂಬತ್ತು ಕೊಟ್ಟೆ. ಮೊದಲ ಬಹುಮಾನ, ಸ್ಟೀಲಿನ ಟಿಫನ್ ಡಬ್ಬಿ.

ಅದೇ ಶಾಮಿಯಾನದ ಕಟ್ಟಕಡೆಗೆ, ಜಮಖಾನ ಮುಗಿದು ಮಣ್ಣು ಶುರುವಾಗುವಲ್ಲಿ, ನನ್ನ ಆರನೆಯ ತರಗತಿಯ ಒಬ್ಬ ಹುಡುಗಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಕುರುಗೋಡು ಕಡೆಯ ಹಳ್ಳಿಯವರು. ಅಪ್ಪನದು ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸ. ಅವ್ವ ಇಲ್ಲೇ ಬಾಡಿಗೆ ಮನೆಯ ಹೊಸ್ತಿಲಲ್ಲಿ ಕೂತು, ಹೊಲಿದು ಬಂದ ಜೀನ್ಸ್ ಪ್ಯಾಂಟಿನ ನೂಲು ಕತ್ತರಿಸುತ್ತಿದ್ದಳು. ಅದಾಗಿ ವಾರಕ್ಕೆ ಗಂಡನಿಂದ ಫೋನು ಬಂತು, ಮೂರೂ ಮಂದಿ ಗಂಟು ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತಿದರು. ಈ ಗಂಟಿಗೆ ಯಾರೂ ಅಂಕ ಕೊಡಲಿಲ್ಲ. ನಾನು ಹಾಜರಿ ಪುಸ್ತಕ ತೆಗೆದು ಅವಳ ಹೆಸರಿನ ಉದ್ದಕ್ಕೂ ಕೆಂಪು ಶಾಯಿಯಲ್ಲಿ ಗೀಟು ಎಳೆದೆ.

ವಲಸೆ ಹೋಗುವವರ, ನಿರಾಶ್ರಿತರ ಬದುಕನ್ನು ನಾಟಕದಲ್ಲಿ ತರಬೇಕು, ನಾಟಕದಿಂದ ಅದು ಮನಸ್ಸಿಗೆ ಹತ್ತುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಶಿಕ್ಷಕರ ತರಬೇತಿಯಲ್ಲೂ ಹೇಳಿದರು. ನಾನೂ ಒಪ್ಪುತ್ತೇನೆ. ಆದರೆ ನಾವು ಮಾಡಿಸುವ ಇಂಥ ನಾಟಕಗಳನ್ನು ನೋಡಿ. ಬಾಗಿಲು ತಟ್ಟುವವರು ಅದರಲ್ಲಿ ಇರುತ್ತಾರೆ. ಒಳಗೆ ಚಿಲಕ ಹಿಡಿದು ನಿಂತು ‘ಯಾರದು?’ ಎನ್ನುವವರು ಇರುವುದಿಲ್ಲ. ಹಾಗೆ ಒಳಗೆ ನಿಂತವರು ನಾವು, ನೀವು. ನಮ್ಮನ್ನು ಹೊರಗಿಟ್ಟು ಆಡುವ ಗುಳೆಯ ನಾಟಕ ಎಷ್ಟೇ ಕಣ್ಣೀರು ತರಿಸಿದರೂ ಅದು ಆ ಟಿಫನ್ ಡಬ್ಬಿಯ ಛದ್ಮವೇಷವೇ. ಇದು ನನ್ನ ತಕರಾರು.

ಈ ಮಾತನ್ನು ಕೌಲ್ ಬಜಾರಿನಲ್ಲಿ ಕೂತು ಹೇಳುವುದಕ್ಕೆ ಕಾರಣವಿದೆ. ಕೌಲು ಎಂದರೆ ಕರಾರು, ಅಭಯ ಕೊಟ್ಟ ಮಾತು. ಬ್ರಿಟಿಷರ ದಂಡು ಬಳ್ಳಾರಿಯಲ್ಲಿ ಬೀಡುಬಿಟ್ಟಾಗ ಅದರ ಬೆನ್ನಿಗೆ ಬಂದ ದರ್ಜಿಗಳು, ಅಗಸರು, ಕಟುಕರು, ಅಡಿಗೆಯವರು, ಅಂಗಡಿಯವರು ನೆಲೆ ನಿಂತ ಬಜಾರು ಇದು. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಹಾಲಿಗೆ ನಿಂತ ಹತ್ತು ಹೆಂಗಸರಲ್ಲಿ ತೆಲುಗು, ಉರ್ದು, ತಮಿಳು, ಮರಾಠಿ, ಕನ್ನಡ ಐದೂ ಕಿವಿಗೆ ಬೀಳುತ್ತವೆ. ಅಂದು ಸೋಲ್ಜರರ ಬಟ್ಟೆ ಹೊಲಿದವರ ಮೊಮ್ಮಕ್ಕಳು ಇಂದು ಜೀನ್ಸ್ ಹೊಲಿಯುತ್ತಾರೆ. ಇಂಥ ಊರಲ್ಲೂ ಟ್ಯಾಂಕರಿನ ಮುಂದೆ ಜಗಳ ಬಂದಾಗ ಮೊದಲು ಹೊರಡುವ ಮಾತು ಯಾವುದು ಗೊತ್ತೇ? “ಹೊರಗಿನೋರು ಬಂದು ನಮಗೆ ನೀರಿಲ್ದಂಗಾತು.” ಹೇಳುವವರ ತಾತ ಮದರಾಸಿನ ಕಡೆಯಿಂದ ಬಂದವನು, ಕೇಳುವವರ ತಾತ ಮಹಾರಾಷ್ಟ್ರದಿಂದ. ಮೊದಲು ಬಂದವರು ಆಮೇಲೆ ಬಂದವರಿಗೆ ಹೊರಗಿನವರು ಎನ್ನುತ್ತಾರೆ, ಅಷ್ಟೇ.

ನಾನೂ ಇಲ್ಲಿಯವಳಲ್ಲ. ನನ್ನ ತಾಯಿಯ ಊರು ನಾರಾಯಣದೇವರಕೆರೆ. ಆ ಊರು ಈಗ ತುಂಗಭದ್ರೆಯ ನೀರಿನಡಿ ಇದೆ. 1945ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟಿನಲ್ಲಿ 1953ಕ್ಕೆ ನೀರು ನಿಂತಿತು. ಸುಮಾರು 90 ಹಳ್ಳಿಗಳು ಮುಳುಗಿದವು, ಐವತ್ತು ಸಾವಿರಕ್ಕೂ ಮಿಕ್ಕಿ ಜನ ಎದ್ದು ಹೊರಟರು. ಅಮ್ಮನಿಗೆ ಆಗ ಒಂಬತ್ತೋ ಹತ್ತೋ ವರ್ಷ. ಅವಳಿಗೆ ನೆನಪಿದ್ದದ್ದು ದೊಡ್ಡ ದುಃಖವೇನಲ್ಲ. ಮನೆಯ ತಲೆಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ಗಾಡಿಗೆ ಹೇರಿದರಂತೆ. ಬಾಗಿಲಿಲ್ಲದ ಮನೆಯಲ್ಲಿ ಒಂದು ರಾತ್ರಿ ಮಲಗಿದ್ದು, ನಾಯಿಯೊಂದು ಒಳಗೆ ಬಂದು ಅಡಿಗೆಮನೆಯಲ್ಲಿ ಓಡಾಡಿದ್ದು. ಇಷ್ಟು. ಹೊಸಪೇಟೆಯಿಂದ ಮರಿಯಮ್ಮನಹಳ್ಳಿಗೆ ಬಸ್ಸಿನಲ್ಲಿ ಹೋಗುವಾಗ ಹಿನ್ನೀರು ಕಂಡರೆ ಅಮ್ಮ ಕೈಮುಗಿಯುತ್ತಿದ್ದಳು. ಗಂಗಮ್ಮನಿಗೋ ಊರಿಗೋ ಎಂದು ನಾನು ಕೇಳಲಿಲ್ಲ.

ನಾರಾಯಣದೇವರಕೆರೆಯ ಜನ ಬಂದು ಸೇರಿದ ಆ ಮರಿಯಮ್ಮನಹಳ್ಳಿ (2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ) ಇಂದು ಯಾವುದಕ್ಕೆ ಹೆಸರಾಗಿದೆ? ನಾಟಕಕ್ಕೆ. ರಂಗನಟಿ ನಾಗರತ್ನಮ್ಮನವರ ಊರು ಅದು. ಕಲ್ಲುಕಂಬದಲ್ಲಿ ಹುಟ್ಟಿ, ಮನೆಯಿಂದ ಹೊರಬಿದ್ದು, ಜೋಗತಿ ಕುಣಿತವನ್ನೂ ಎಲ್ಲಮ್ಮನ ಆಟವನ್ನೂ ನೆಚ್ಚಿ ಬಾಳಿದ ಮಂಜಮ್ಮ ಜೋಗತಿಯವರು ನೆಲೆ ಕಂಡದ್ದೂ ಅಲ್ಲೇ. ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಮುಳುಗಿದ ಊರಿನ ಜನ ಸೇರಿದ ಊರು ನಾಟಕದ ಊರಾದದ್ದು ಕಾಕತಾಳೀಯ ಇದ್ದೀತು. ನನಗೆ ಹಾಗೆ ಅನ್ನಿಸುವುದಿಲ್ಲ. ಆದರೆ ಒಂದು ಮಾತು. ಅಮ್ಮನ ಜೊತೆ ಕೂತು ಅಲ್ಲಿ ಎಷ್ಟೋ ನಾಟಕ ನೋಡಿದ್ದೇನೆ. ತಲೆಬಾಗಿಲು ಗಾಡಿಗೆ ಏರಿದ ಆ ರಾತ್ರಿಯನ್ನು ರಂಗದ ಮೇಲೆ ನಾನು ಕಂಡಿಲ್ಲ.

ಅದೇ ಅಣೆಕಟ್ಟಿನ ನೀರು ಕಾಲುವೆಗೆ ಹರಿದ ಮೇಲೆ ಸಿರುಗುಪ್ಪದ ಕಡೆ ಆಂಧ್ರದ ರೈತರು ಬಂದರು, ಭತ್ತ ಬೆಳೆದರು. ಅವರು ಕಟ್ಟಿಕೊಂಡ ಊರುಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಮೂರು ತಲೆಮಾರು ಕಳೆದರೂ ಕ್ಯಾಂಪು. ಸಿರುಗುಪ್ಪ ದಾಟಿ, ದಡೇಸೂಗೂರಿನ ಸೇತುವೆ ದಾಟಿ ಸಿಂಧನೂರಿಗೆ ಹೋದರೆ ಅಲ್ಲಿ ಇನ್ನೊಂದು ಬಗೆಯ ಕ್ಯಾಂಪು. ಪೂರ್ವ ಪಾಕಿಸ್ತಾನದಿಂದ ಓಡಿ ಬಂದ ಬಂಗಾಳಿಗಳನ್ನು ಎಪ್ಪತ್ತರ ದಶಕದಲ್ಲಿ ಸರಕಾರ ಅಲ್ಲಿ ತಂದು ನೆಲೆಗೊಳಿಸಿತು. ಬರ್ಮಾದಿಂದ ಬಂದವರೂ ಇದ್ದಾರೆ. ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು ಎಂದು ನಂಬರು. ಅಲ್ಲಿಯ ಕೆಲವರ ಕೈಗೆ ಪೌರತ್ವದ ಪತ್ರ ಬಂದದ್ದು 2024ರಲ್ಲಿ. ಅರ್ಧ ಶತಮಾನ! ನಮ್ಮ ಬಿ.ಎಡ್. ಪಾಠದಲ್ಲಿ ‘ಸ್ಥಳೀಯ ಪರಿಸರದಿಂದ ಉದಾಹರಣೆ ಕೊಡಿ’ ಎಂದು ಬರೆದಿತ್ತು. ನಾವು ಮಕ್ಕಳಿಗೆ ನಿರಾಶ್ರಿತರು ಎಂದರೆ ಟೀವಿಯಲ್ಲಿ ಬರುವವರು, ದೋಣಿಯಲ್ಲಿ ಬರುವವರು ಎಂದು ಹೇಳಿಕೊಡುತ್ತೇವೆ. ನದಿಯ ಆಚೆ ದಡದಲ್ಲಿ, ಬಸ್ಸಿನ ದಾರಿಯಲ್ಲಿ ಇರುವವರನ್ನು ಬಿಟ್ಟು.

ನಾಟಕದ ವಿಷಯಕ್ಕೆ ಬಂದರೆ ಬಳ್ಳಾರಿಯವರಿಗೆ ಹೆಮ್ಮೆ ಜಾಸ್ತಿ, ಇರಬೇಕಾದ್ದೇ. ಬಳ್ಳಾರಿ ರಾಘವರ ಊರಿದು. ರಕ್ತರಾತ್ರಿಯಲ್ಲಿ ದ್ರೌಪದಿಯಾಗಿ ನಿಂತ ಸುಭದ್ರಮ್ಮ ಮನ್ಸೂರರ ದನಿ ಕೇಳಿದವರು ಇನ್ನೂ ಇದ್ದಾರೆ. ಕುರುಗೋಡು, ಸಿರುಗುಪ್ಪದ ಹಳ್ಳಿಗಳಲ್ಲಿ ಬಯಲಾಟಕ್ಕೆ ಬೆಳಗಿನವರೆಗೂ ಜನ ಕೂತಿರುತ್ತಾರೆ. ಆ ಆಟಗಳಲ್ಲಿ ಅರ್ಧಕ್ಕರ್ಧ ಮನೆ ಬಿಟ್ಟವರ ಕತೆಗಳೇ ಅಲ್ಲವೇ? ರಾಮ ಕಾಡಿಗೆ ಹೋಗುತ್ತಾನೆ. ಪಾಂಡವರು ಹೋಗುತ್ತಾರೆ. ನಳ ಹೋಗುತ್ತಾನೆ. ಹರಿಶ್ಚಂದ್ರ ಹೆಂಡತಿ ಮಗನನ್ನು ಕರೆದುಕೊಂಡು ಕಾಶಿಯ ಬೀದಿಗೆ ಬೀಳುತ್ತಾನೆ. ಆಗ ನಾವು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತೇವೆ. ರಾಜನಾಗಿದ್ದವನು ಬೀದಿಗೆ ಬಂದನಲ್ಲಾ ಎಂಬ ಸಂಕಟ ಅದು. ಮೊದಲಿಂದ ಬೀದಿಯಲ್ಲೇ ಇದ್ದವನು ಮತ್ತೊಂದು ಬೀದಿಗೆ ಹೋದರೆ ನಮ್ಮ ಸೆರಗು ಮೇಲೇಳುವುದಿಲ್ಲ.

ಬೇಕಾದರೆ ಹಗಲುವೇಷದವರನ್ನು ನೆನೆಸಿಕೊಳ್ಳಿ. ನಮ್ಮ ಜಿಲ್ಲೆಯ ಬುಡ್ಗಜಂಗಮರು ರಾಮ, ಆಂಜನೇಯ, ರಾವಣನ ವೇಷ ಕಟ್ಟಿ ಹಾರ್ಮೋನಿಯಂ ಹಿಡಿದು ಬಾಗಿಲಿಗೆ ಬಂದರೆ ಮೊರದಲ್ಲಿ ಅಕ್ಕಿ ಹಾಕುತ್ತೇವೆ. ರಾಮನ ವೇಷದವನಿಗೆ ನಮಸ್ಕಾರ ಮಾಡುವ ಮುದುಕಿಯರೂ ಉಂಟು. ಅದೇ ರಾಮ ಬಣ್ಣ ತೊಳೆದುಕೊಂಡು, ನಿಮ್ಮ ಮನೆ ಪಕ್ಕದ ಖಾಲಿ ಜಾಗದಲ್ಲಿ ಗುಡಾರ ಹಾಕಿಕೊಳ್ಳಲೇ ಅಮ್ಮಾ ಎಂದರೆ? ಮೊದಲು ರೇಷನ್ ಕಾರ್ಡು ಕೇಳುತ್ತೇವೆ, ಆಮೇಲೆ ಪೊಲೀಸರಿಗೆ ಫೋನು ಮಾಡುತ್ತೇವೆ.

ಈಗ ನನ್ನ ಕತೆಗೆ ಬರುತ್ತೇನೆ. ಆ ಹುಡುಗಿ ಯುಗಾದಿ ಕಳೆದ ಮೇಲೆ ವಾಪಸು ಬಂದಳು. ಪರೀಕ್ಷೆಗೆ ಎರಡು ವಾರ. ಅವಳ ಅವ್ವ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತು, “ಕುಂದ್ರಿಸಿಗೋರಿ ಮೇಡಂ” ಎಂದಳು. ನಾನು ಇಡೀ ತರಗತಿಯ ಎದುರಿಗೆ ಅಂದ ಮಾತು ಇದು: “ಬಂದಾಗ ಬರೋದು, ಹೋದಾಗ ಹೋಗೋದು, ಇದೇನು ಧರ್ಮಛತ್ರವೇನಮ್ಮ?” ಶಿಕ್ಷಣ ಹಕ್ಕಿನ ಕಾಯ್ದೆ 2010ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕರ ಮಗು ವರ್ಷದ ಯಾವ ತಿಂಗಳಲ್ಲಿ ಬಂದರೂ ಇಲ್ಲ ಎನ್ನುವ ಹಾಗಿಲ್ಲ. ನನಗೆ ಅದು ಗೊತ್ತಿತ್ತು. ಸೇರಿಸಿಕೊಂಡೆ. ಆದರೆ ಮಾತು ಆಡಿ ಆಗಿತ್ತು.

ಮುಂದಿನ ವರ್ಷ ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸುವ ಜವಾಬ್ದಾರಿ ನನಗೆ ಬಂತು. ಗುಳೆಯ ಮೇಲೆ ಮಾಡಿಸೋಣ ಎಂದುಕೊಂಡೆ. ಪ್ರಾಯಶ್ಚಿತ್ತ ಎಂದು ದೊಡ್ಡ ಮಾತು ಹೇಳುವುದಿಲ್ಲ, ಆದರೆ ಒಳಗೆ ಅದೇ ಇತ್ತು. ಹಿಂದೊಮ್ಮೆ ದೊಡ್ಡ ಊರಿನ ತಂಡವೊಂದು ಬಂದು ನಮ್ಮಲ್ಲಿ ಕೂಲಿಕಾರರ ಮೇಲೆ ಬೀದಿನಾಟಕ ಮಾಡಿತ್ತು. ಎಲ್ಲರದೂ ಕಪ್ಪು ಜುಬ್ಬ, ಒಳ್ಳೆಯ ಹಾಡು, ಜೋರು ಘೋಷಣೆ. ಕೊಟ್ಟ ಚೀಟಿಯಲ್ಲಿ ಪಾತ್ರಗಳ ಪಟ್ಟಿ ಇತ್ತು: ಕಾರ್ಮಿಕ ಒಂದು, ಕಾರ್ಮಿಕ ಎರಡು, ಕಾರ್ಮಿಕ ಮೂರು. ಸಿಂಧನೂರಿನ ಕ್ಯಾಂಪಿನ ಹಾಗೆಯೇ! ನಾನು ಹಾಗೆ ಮಾಡಬಾರದು, ಗುಳೆ ಹೋಗಿ ಬಂದ ಮಗುವಿನ ಕೈಲೇ ಆ ಪಾತ್ರ ಮಾಡಿಸಬೇಕು ಎಂದು ನಿರ್ಧಾರ ಮಾಡಿದೆ. ಇದಕ್ಕೆ ರಾಘವರೇ ನನ್ನ ಆಧಾರ. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಆ ವಕೀಲರು, ಗಂಡಸರು ಸೀರೆ ಉಟ್ಟು ಹೆಣ್ಣಾಗುತ್ತಿದ್ದ ಕಾಲದಲ್ಲಿ ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕೆಂದು ಪಟ್ಟು ಹಿಡಿದವರು, ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದವರು. ಹಾಗೆಯೇ ಬಡವಿಯ ಪಾತ್ರಕ್ಕೆ ಕಾಡಿಗೆ ಬಳಿದ ಶ್ರೀಮಂತರ ಮಗು ಬೇಡ ಎಂದು ನನ್ನ ತರ್ಕ. ಹುಡುಗಿಯನ್ನು ಕರೆದು ಹೇಳಿದೆ. ಆ ವರ್ಷ ಅವಳ ಅಜ್ಜಿ ಊರಿಂದ ಬಂದು ಜೊತೆಗಿದ್ದಳು, ಅದಕ್ಕೇ ಅಪ್ಪ ಅವ್ವ ಹೋದರೂ ಅವಳು ಉಳಿದಿದ್ದಳು.

ಅವಳು ತಲೆ ತಗ್ಗಿಸಿ, ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ, “ನಾ ಗುಳೆ ಹೋಗೋಳು ಆಗಲ್ರೀ ಮಿಸ್” ಅಂದಳು. “ಅದು ಹೆಂಗೂ ಮಾಡ್ತೀನಲ್ರೀ. ನಾ ಮನಿ ಓನರ್ ಆಗ್ತೀನಿ.”

ನನಗೆ ಸಿಟ್ಟು ಬಂತೆಂದರೆ ನಂಬಿ. ನಾನು ಇವಳಿಗೆ ಮುಖ್ಯ ಪಾತ್ರ ಕೊಡುತ್ತಿದ್ದರೆ ಇವಳು ಹೀಗನ್ನುತ್ತಾಳಲ್ಲ! ಆದರೂ ಸರಿ ಎಂದೆ. ನಾಟಕವನ್ನು ನಾನು ಬರೆಯಲಿಲ್ಲ. ಮಕ್ಕಳೇ ಮಾತು ಕಟ್ಟಿದರು, ನಾನು ನೋಟುಬುಕ್ಕಿನಲ್ಲಿ ಇಳಿಸಿಕೊಂಡೆ. ಒಬ್ಬ ಹುಡುಗ ತನ್ನ ಅಜ್ಜಿಯಿಂದ ಹೊರಬೀಡಿನ ಸಂಗತಿ ಕೇಳಿಕೊಂಡು ಬಂದ. ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಊರಿಗೆ ಕೇಡು ತಟ್ಟಬಾರದೆಂದು ಒಂದು ದಿನ ಊರಿಗೆ ಊರೇ ಮನೆಗಳಿಗೆ ಬಾಗಿಲು ಹಾಕಿ, ದನಕರು ಹೊಡೆದುಕೊಂಡು, ಪಾತ್ರೆಪಡಗ ಹೊತ್ತುಕೊಂಡು ಊರಾಚೆ ಮರದಡಿ ಬೀಡುಬಿಡುವುದು. ಅಲ್ಲೇ ಒಲೆ, ಅಲ್ಲೇ ಊಟ. ಹೊತ್ತು ಮುಳುಗುವ ಹೊತ್ತಿಗೆ ಒಳಗೆ ಬರುವುದು. ಮಕ್ಕಳಾಗಿದ್ದಾಗ ಅದು ನಮಗೆ ವನಭೋಜನ. ಈಗ ಯೋಚಿಸಿದರೆ ಅದು ಗುಳೆಯ ನಾಟಕವೇ. ಆದರೆ ಎಂಥ ನಾಟಕ! ಗೌಡನೂ ಹೊರಡಬೇಕು, ಶಾನುಭೋಗನೂ ಹೊರಡಬೇಕು, ನಿಂತು ನೋಡುವ ಪ್ರೇಕ್ಷಕ ಒಬ್ಬನೂ ಇಲ್ಲ. ಹುಡುಗರು ನಾಟಕವನ್ನು ಅಲ್ಲಿಂದಲೇ ಶುರು ಮಾಡಿದರು. ಹೊರಬೀಡಿಗೆ ಎಲ್ಲರೂ ಹೋಗುತ್ತಾರೆ. ಸಂಜೆ ಎಲ್ಲರೂ ವಾಪಸು ಬರುತ್ತಾರೆ, ಒಂದು ಮನೆಯವರು ಮಾತ್ರ ಹಾಗೆಯೇ ಮುಂದೆ ನಡೆಯುತ್ತಾರೆ. ಇದು ನನಗೆ ಹೊಳೆಯುತ್ತಿರಲಿಲ್ಲ.

ನಾಟಕದ ದಿನ ಹುಡುಗಿ ಅಜ್ಜಿಯ ಸೀರೆ ಉಟ್ಟು, ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಬಂದಳು. ಬಾಡಿಗೆ ಕೇಳಲು ಬಂದ ಗಂಡಹೆಂಡಿರನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟಕ್ಕೇ ಸಭೆ ನಕ್ಕಿತು. ಆಮೇಲೆ ಪ್ರಶ್ನೆಗಳು. ಎಷ್ಟು ಜನ ಇರ್ತೀರಿ? ಊರ ಕಡೆಯಿಂದ ನೆಂಟರು ಬರ್ತಾರಾ, ಬಂದರೆ ಎಷ್ಟು ದಿನ? ದಿನಕ್ಕೆ ಎಷ್ಟು ಬಿಂದಿಗೆ ನೀರು? ಕೂಸು ರಾತ್ರಿ ಅಳುತ್ತಾ? ಮಾಂಸ ಮಾಡ್ತೀರಾ? ಮೀನು? ಮೊಟ್ಟೆನಾದರೂ? ಯಾವ ಜನ ನೀವು? ಕೊನೆಗೆ ಗೊಂಚಲು ಝಣ್ ಎನ್ನಿಸಿ, ದನಿ ಇಳಿಸಿ, ಮುಖದಲ್ಲಿ ಒಂದು ಸಂಕೋಚ ತಂದುಕೊಂಡು ಅಂದಳು: “ತಪ್ಪು ತಿಳ್ಕಾಬ್ಯಾಡಮ್ಮ, ನಂದೇನಿಲ್ಲ, ನಮ್ಮ ಯಜಮಾನ್ರಿಗೆ ಆಗಂಗಿಲ್ಲ.”

ಅಲ್ಲಿಯವರೆಗೂ ನಗುತ್ತಿದ್ದ ಮುಂದಿನ ಸಾಲಿನ ಹೆಂಗಸರು ಸುಮ್ಮನಾದರು. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಯಜಮಾನರನ್ನು ಮುಂದೆ ಮಾಡಿಕೊಂಡು ಬಾಗಿಲು ಹಾಕುವ ಈ ವಿದ್ಯೆ ಹೆಂಗಸರಿಗೆ ಮಾತ್ರ ಗೊತ್ತಿರುವ ಗುಟ್ಟು. ಹನ್ನೆರಡು ವರ್ಷದ ಹುಡುಗಿ ಹೊಸ್ತಿಲ ಹೊರಗೆ ನಿಂತು ಅದನ್ನು ಎಷ್ಟು ಸಲ ಕೇಳಿರಬೇಕು!

ಮುಂದಿನ ದೃಶ್ಯ ಶಾಲೆ. ತಾಲೀಮಿನಲ್ಲಿ ಆ ದೃಶ್ಯ ಬೇರೆ ಹುಡುಗಿಯದಾಗಿತ್ತು. ಆ ದಿನ ಅವಳಿಗೆ ಜ್ವರ. ಇವಳೇ ಸೀರೆಯ ಮೇಲೊಂದು ಕನ್ನಡಕ ಹಾಕಿಕೊಂಡು ಬಂದಳು. ಕನ್ನಡಕವನ್ನು ಹಣೆಗೆ ಏರಿಸಿ, ಸೀಸದಕಡ್ಡಿಯಿಂದ ಮೇಜು ಕುಟ್ಟಿ, “ಬಂದಾಗ ಬರೋದು, ಹೋದಾಗ ಹೋಗೋದು, ಇದೇನು ಧರ್ಮಛತ್ರವೇನಮ್ಮ?” ಅಂದಳು. ಮಕ್ಕಳೆಲ್ಲ ತಿರುಗಿ ನನ್ನ ಕಡೆ ನೋಡಿದವು. ಕನ್ನಡಕ ಹಣೆಗೆ ಏರಿಸುವುದು ನನ್ನ ಅಭ್ಯಾಸ. ಆಗಲೂ ಅದು ಹಣೆಯ ಮೇಲೇ ಇತ್ತು.

ರಾಘವರ ನಿಯಮ ಅಲ್ಲಿ ನನ್ನ ಕೈಕೊಟ್ಟಿತು, ಅಥವಾ ನಾನು ಅದನ್ನು ಅರ್ಧವೇ ತಿಳಿದಿದ್ದೆ. ಗುಳೆ ಹೋದವಳ ಪಾತ್ರ ಗುಳೆ ಹೋದವಳೇ ಮಾಡಲಿ ಎಂದು ನಾನು ದೊಡ್ಡ ಮನಸ್ಸು ಮಾಡಿದ್ದೆ. ಅವಳಿಗೆ ಬೇಕಾಗಿದ್ದದ್ದು ನನ್ನ ಕುರ್ಚಿ. ಅಲ್ಲಿಂದ ನಾವು ಹೇಗೆ ಕಾಣುತ್ತೇವೆ ಎಂದು ತೋರಿಸುವ ಅವಕಾಶ.

ಕಾರ್ಯಕ್ರಮದ ಅಧ್ಯಕ್ಷತೆ ವಹಿಸಿದ್ದ ಹಿರಿಯರೊಬ್ಬರು ಭಾಷಣದಲ್ಲಿ, ಮಕ್ಕಳಿಂದ ಸಂಸ್ಕೃತಿ ಕಾರ್ಯಕ್ರಮ ಮಾಡಿಸಬೇಕು, ಸಂಕಟದ ಕಾರ್ಯಕ್ರಮ ಏಕೆ, ಊರಿನ ಮಾನ ಹೋಗುತ್ತದೆ ಎಂದರು. ಹರಿದ ಫ್ರಾಕಿನ ನಿರಾಶ್ರಿತೆಗೆ ಬಹುಮಾನ ಕೊಟ್ಟಾಗ ಹೋಗದ ಮಾನ! ಆ ಮಗುವಿನ ಬಾಯಲ್ಲಿ ಅನ್ನ ಕೊಡಿ ಎಂಬ ಮಾತಿತ್ತು. ಕೊಡುವವರಾಗಿ ನಾವು ದೊಡ್ಡವರಾಗಿ ಉಳಿದೆವು. ಈ ಹುಡುಗಿ ಏನನ್ನೂ ಬೇಡಲಿಲ್ಲ. ಅದೇ ಹತ್ತಿಕೊಂಡು ಉರಿದದ್ದು.

ನನ್ನ ಸಹೋದ್ಯೋಗಿ ಒಬ್ಬರು ಬೇರೆ ಆಕ್ಷೇಪ ಎತ್ತಿದರು, ಅದಕ್ಕೆ ತೂಕವಿದೆ. ನೊಂದ ಮಕ್ಕಳ ಕೈಲಿ ಅವರ ನೋವನ್ನೇ ಮತ್ತೆ ಆಡಿಸುವುದು ಕ್ರೌರ್ಯವಲ್ಲವೇ ಎಂದು. ಹೌದು, ಆಡಿಸಿದರೆ ಕ್ರೌರ್ಯವೇ. ನಾನು ಮಾಡಹೊರಟದ್ದು ಅದನ್ನೇ, ಹುಡುಗಿ ಒಪ್ಪಲಿಲ್ಲವಾಗಿ ಪಾರಾದೆ. ಆದರೆ ಅದಕ್ಕೆ ಮದ್ದು ನಾಟಕವನ್ನೇ ಬಿಡುವುದಲ್ಲ, ಪಾತ್ರ ಹಂಚುವ ಅಧಿಕಾರವನ್ನು ನಾವು ಬಿಡುವುದು. 2013ರಲ್ಲಿ ಜೋರ್ಡಾನಿನ ಅಮ್ಮಾನ್ ನಗರದಲ್ಲಿ, ಸಿರಿಯಾದ ಯುದ್ಧದಿಂದ ಓಡಿಬಂದ ಹೆಂಗಸರು ಯೂರಿಪಿಡೀಸನ ‘ಟ್ರೋಜನ್ ಸ್ತ್ರೀಯರು’ ನಾಟಕವಾಡಿದರು. ರಂಗ ಹತ್ತಿ ಅಭ್ಯಾಸವಿಲ್ಲದ ಗೃಹಿಣಿಯರು. ಎರಡು ಸಾವಿರದ ನಾನೂರು ವರ್ಷದ ಹಳೆಯ ರಾಣಿಯ ಮಾತಿನ ನಡುವೆ ತಮ್ಮ ಮನೆ, ತಮ್ಮ ಮಕ್ಕಳ ಮಾತು ಸೇರಿಸಿದರು. ಯಾವುದನ್ನು ಹೇಳಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದು ಅವರ ಕೈಯಲ್ಲಿತ್ತು. ಯೂರಿಪಿಡೀಸನೂ ಅದನ್ನು ಸೋತ ಊರಿನಲ್ಲಿ ಆಡಿಸಲಿಲ್ಲ ಎಂಬುದನ್ನು ಮರೆಯಬಾರದು. ಅವನ ಅಥೆನ್ಸಿನವರು ಮೆಲೋಸ್ ಎಂಬ ಪುಟ್ಟ ದ್ವೀಪದ ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ಮಾರಿದ ಬೆನ್ನಿಗೇ, ಕ್ರಿಸ್ತಪೂರ್ವ 415ರಲ್ಲಿ, ಅದೇ ಅಥೆನ್ಸಿನವರನ್ನು ಕೂರಿಸಿ, ಮನೆ ಕಳೆದುಕೊಂಡ ಹೆಂಗಸರ ಗೋಳು ತೋರಿಸಿದ. ಅಪರಾಧ ಮಾಡಿದ ಊರೇ ಪ್ರೇಕ್ಷಕ. ಆ ವರ್ಷ ಅವನಿಗೆ ಮೊದಲ ಬಹುಮಾನ ಬರಲಿಲ್ಲ.

ಇತ್ತ ನಮ್ಮ ಮಗ್ಗುಲಿಗೇ ಬಂದರೆ ಅಸ್ಗರ್ ವಜಾಹತರ ಲಾಹೋರಿನ ನಾಟಕವಿದೆ, 1990ರಲ್ಲಿ ಹಬೀಬ್ ತನ್ವೀರರು ರಂಗಕ್ಕೆ ತಂದದ್ದು. ದೇಶ ಒಡೆದಾಗ ಲಖನೌದಿಂದ ಹೋದ ಮುಸ್ಲಿಂ ಕುಟುಂಬಕ್ಕೆ ಲಾಹೋರಿನಲ್ಲಿ ಸರಕಾರ ಒಂದು ದೊಡ್ಡ ಮನೆ ಕೊಡುತ್ತದೆ. ಹೋಗಿ ನೋಡಿದರೆ ಒಳಗೆ ಒಬ್ಬ ಹಿಂದೂ ಮುದುಕಿ ಇದ್ದಾಳೆ, ಬಿಟ್ಟು ಕದಲುವುದಿಲ್ಲ. ಮನೆ ಯಾರದು? ನೆಲೆ ತಪ್ಪಿ ಬಂದವರದೋ, ನೆಲೆ ಬಿಡದೆ ಕೂತವಳದೋ? ಮುದುಕಿಯನ್ನು ಹೊರಹಾಕಲು ಬಂದವರೇ ಅವಳಿಗೆ ಮಕ್ಕಳಾಗುತ್ತಾರೆ. ಅವಳು ಸತ್ತಾಗ ಅವಳ ಧರ್ಮದಂತೆಯೇ ಸಂಸ್ಕಾರವಾಗಲಿ ಎಂದ ಮೌಲ್ವಿ ಕೊಲೆಯಾಗುತ್ತಾನೆ. ನೋಡಿ, ಇದರಲ್ಲಿ ಬಾಗಿಲ ಎರಡೂ ಕಡೆಯವರು ಇದ್ದಾರೆ. ಅದಕ್ಕೇ ಆ ನಾಟಕ ನಿಲ್ಲುತ್ತದೆ.

2021ರಲ್ಲಿ ‘ಅಮಲ್’ ಎಂಬ ಮೂರೂವರೆ ಮೀಟರ್ ಎತ್ತರದ ಗೊಂಬೆಯನ್ನು, ತಾಯಿಯನ್ನು ಹುಡುಕುತ್ತಾ ಹೊರಟ ಸಿರಿಯಾದ ಪುಟ್ಟ ಹುಡುಗಿ ಎಂದು, ಟರ್ಕಿಯ ಗಡಿಯಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ತನಕ ನಡೆಸಿಕೊಂಡು ಹೋದರು. ಊರೂರಲ್ಲಿ ಹೂವು, ಹಾಡು, ಸ್ವಾಗತ. ಗ್ರೀಸಿನ ಒಂದೆರಡು ಕಡೆ ಗೊಂಬೆಗೂ ಕಲ್ಲು ಬಿತ್ತು. ಕಲ್ಲು ಹೊಡೆದವರು ಕೆಟ್ಟವರೇ, ಸಂಶಯವಿಲ್ಲ. ಆದರೆ ಹೂವು ಹಾಕಿದವರ ಬಗ್ಗೆಯೂ ನನಗೊಂದು ಪ್ರಶ್ನೆ ಉಳಿಯುತ್ತದೆ. ಗೊಂಬೆಗೆ ನೀರು ಬೇಡ, ಬಾಡಿಗೆ ಮನೆ ಬೇಡ, ಶಾಲೆಯಲ್ಲಿ ಸೀಟು ಬೇಡ.

ನಾವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. 2020ರ ಏಪ್ರಿಲ್ ನೆನಪಿದೆಯಲ್ಲ. ಬೆಂಗಳೂರಿನಿಂದ ನಡೆದು ಬಂದ ಜನಕ್ಕೆ ನಮ್ಮ ಬೀದಿಯ ಹೆಂಗಸರು ಚಿತ್ರಾನ್ನ ಕಟ್ಟಿ ಕೊಟ್ಟರು. ಯಜಮಾನರನ್ನು ಕೇಳದೆ ಕೊಟ್ಟರು. ಅದೇ ತಿಂಗಳು ಸಿಂಧನೂರಿನ ಕಡೆಯ ತನ್ನ ಊರಿಗೆ ಬೆಂಗಳೂರಿನಿಂದ ನಡೆದು ಹೊರಟಿದ್ದ ಕೂಲಿ ಹೆಣ್ಣುಮಗಳೊಬ್ಬಳು ನಮ್ಮ ಬಳ್ಳಾರಿಯಲ್ಲಿ ಕಣ್ಣುಮುಚ್ಚಿದಳು. ಪತ್ರಿಕೆಯಲ್ಲಿ ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಸೇರಿತು. ದಾರಿಯಲ್ಲಿ ಹೋಗುವವರಿಗೆ ಚಿತ್ರಾನ್ನ ಕೊಡುವುದು ನಮಗೆ ಬರುತ್ತದೆ. ಅವರು ನಿಂತು, ಇಲ್ಲೇ ಇರುತ್ತೇವೆ ಎಂದಾಗ ಏನು ಮಾಡುತ್ತೇವೆ? ನಾಟಕ ತೋರಿಸಬೇಕಾದ್ದು ಅದನ್ನು.

ಮರುವರ್ಷದಿಂದ ನಮ್ಮಲ್ಲಿ ವಾರ್ಷಿಕೋತ್ಸವಕ್ಕೆ ನಾಟಕ ಬೇಡ, ಸಮೂಹ ನೃತ್ಯ ಸಾಕು ಎಂದಾಯಿತು. ಹುಡುಗಿ ಏಳನೆಯದು ಮುಗಿಸಿ ಹೋದವಳು ಈಗ ಬೆಂಗಳೂರಿನಲ್ಲೇ ಎಲ್ಲೋ ಇದ್ದಾಳೆ. ಮಾತು ಬರೆದುಕೊಂಡ ನೋಟುಬುಕ್ಕು ನನ್ನ ಬಳಿ ಇದೆ. ಈ ಬಾರಿ ಶಾಲೆಯ ಹೊರಗೆ, ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ಆಡಿಸಲು ಕೇಳಿದ್ದೇನೆ. ಮನೆಯೊಡತಿಯ ಪಾತ್ರಕ್ಕೆ ಜೀನ್ಸ್ ನೂಲು ಕತ್ತರಿಸುವ ಹೆಣ್ಣುಮಕ್ಕಳಲ್ಲಿ ನಾಲ್ವರು ತಾವು ಮಾಡುತ್ತೇವೆ ಎಂದಿದ್ದಾರೆ. ಗುಳೆ ಹೋಗುವವಳ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ನಮ್ಮ ಓಣಿಯ ನಾಲ್ಕಂತಸ್ತಿನ ಮನೆಯ ಯಜಮಾನಿಯನ್ನು ಕೇಳಬೇಕೆಂದಿದ್ದೇನೆ.

ಹೋದ ತಿಂಗಳು ನಮ್ಮ ಮನೆಯ ಮೇಲಿನ ಪೋರ್ಷನ್ ಖಾಲಿಯಾಯಿತು. ಬ್ರೋಕರು ಒಬ್ಬ ಗಂಡಹೆಂಡಿರನ್ನು ಕರೆತಂದ. ಒರಿಸ್ಸಾದವರು, ತೋರಣಗಲ್ಲಿನಲ್ಲಿ ಕಂಟ್ರಾಕ್ಟರ ಕೈಕೆಳಗೆ ಕೆಲಸ, ಹೆಂಡತಿಯ ಸೊಂಟದಲ್ಲೊಂದು ಕೂಸು. ಕನ್ನಡ ಬಾರದು. ನಾನು ಬಾಯಿ ತೆರೆಯುವ ಮೊದಲೇ ಕಿವಿಯಲ್ಲಿ ಆ ಗೊಂಚಲಿನ ಸದ್ದು ಕೇಳಿತು. ಹತ್ತು ಪ್ರಶ್ನೆ ನುಂಗಿಕೊಂಡೆ. ಆದರೂ ಒಂದನ್ನು ಕೇಳಿಯೇಬಿಟ್ಟೆ, ಎಷ್ಟು ಜನ ಇರುತ್ತೀರಿ ಎಂದು, ನನ್ನ ಹರಕು ಹಿಂದಿಯಲ್ಲಿ. ಆಕೆ ಮೂರು ಬೆರಳು ತೋರಿಸಿದಳು. ಆಮೇಲೆ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ನನ್ನನ್ನು ಕೇಳಿದಳು, ನಳದಲ್ಲಿ ನೀರು ದಿನಾ ಬರುತ್ತದೆಯೇ ಎಂದು. ಎಂಟು ದಿನಕ್ಕೊಮ್ಮೆ ಎಂದೆ. ಆಕೆ ಗಂಡನ ಮುಖ ನೋಡಿದಳು.